ಟ್ರೇಲರ್ ಕಟ್ಟಿದ ಪಿಕಪ್ ಇಂಧನ ಕುಡಿಯುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಟ್ರೇಲರ್ ಕಟ್ಟಿದ ಮೇಲೆ ಪಿಕಪ್ಪಿನ ಮೈಲೇಜ್ ಇಳಿಯುವುದು ದೋಷವಲ್ಲ. ಖಾಲಿ ಓಡುವಾಗ ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ, ಎತ್ತರದ ಪೆಟ್ಟಿಗೆಯಂಥ ಟ್ರೇಲರನ್ನು ಹೆದ್ದಾರಿಯಲ್ಲಿ ಎಳೆಯುವಾಗ 5 ಅಥವಾ 6ಕ್ಕೆ ಇಳಿದರೆ ಮೆಕ್ಯಾನಿಕ್ ಮಾಡುವಂಥದ್ದೇನೂ ಅಲ್ಲಿಲ್ಲ. ಹುಡುಕಬೇಕಾದದ್ದು ಬೇರೆ ಸ್ಥಿತಿಯನ್ನು: ಅದೇ ಗಾಡಿ, ಅದೇ ಟ್ರೇಲರ್, ಅದೇ ಹೊರೆ, ಅದೇ ದಾರಿ, ಆದರೂ ಮೊದಲು 6 ಕೊಡುತ್ತಿದ್ದದ್ದು ಈಗ ನಾಲ್ಕೂವರೆ ಕೊಡುತ್ತಿದೆ. ನಿಮ್ಮ ಗಾಡಿಯನ್ನು ಅದರ ಹಿಂದಿನ ಲೆಕ್ಕದೊಂದಿಗೆ ಹೋಲಿಸಿ. ಪಕ್ಕದವರ ಗಾಡಿಯೊಂದಿಗೆ ಹೋಲಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹೀಗಾದಾಗ ಎಲ್ಲರೂ ಮೊದಲು ಎತ್ತುವುದು ಬಾನೆಟ್ಟನ್ನು. ನಾನೂ ಹಾಗೇ ಮಾಡಿದ್ದೆ. ಏರ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಶುಚಿ ಮಾಡಿಸಿದೆ, ಎರಡು ವಾರ ಎಂಜಿನ್ನನ್ನೇ ಬೈದೆ. ಕಡೆಗೆ ಸಿಕ್ಕಿದ್ದು ಟ್ರೇಲರಿನ ಹ್ಯಾಂಡ್‌ಬ್ರೇಕ್ ಕೇಬಲ್. ತುಕ್ಕು ಹಿಡಿದು ಕವಚದೊಳಗೇ ಸಿಕ್ಕಿಕೊಂಡು, ಒಂದು ಚಕ್ರವನ್ನು ಸದಾ ಅರೆಬ್ರೇಕಿನಲ್ಲಿ ಹಿಡಿದಿಟ್ಟಿತ್ತು. ಪಿಕಪ್ಪಿಗೆ ಡ್ಯಾಶ್‌ಬೋರ್ಡ್ ಇದೆ, ಎಚ್ಚರಿಕೆ ದೀಪಗಳಿವೆ. ಟ್ರೇಲರಿಗೆ ತನ್ನ ನೋವು ಹೇಳಿಕೊಳ್ಳಲು ಬಾಯಿಯೇ ಇಲ್ಲ. ಆದ್ದರಿಂದ ಈ ಕೈಪಿಡಿಯಲ್ಲಿ ಎಂಜಿನ್ನಿನ ಸರದಿ ಕೊನೆಗೆ ಬರುತ್ತದೆ.

ಮೈಲೇಜ್ ಇಳಿದಿದೆ ಅನ್ನಿಸುತ್ತಿದೆ, ಆದರೆ ಲೆಕ್ಕ ಇಟ್ಟಿಲ್ಲ

ಖರ್ಚಿಲ್ಲದ ಪರೀಕ್ಷೆ ಇದೇ. ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ನಳಿಕೆ ಮೊದಲ ಸಲ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಹಾಕಿದ ಲೀಟರನ್ನೂ ಓಡಿದ ದೂರವನ್ನೂ ಬರೆದಿಡಿ. ಒಂದು ಸಲದ ಲೆಕ್ಕ ನಂಬಬೇಡಿ. ಮೂರು ಸಲ ತುಂಬಿಸಿದ ಮೇಲಿನ ಸರಾಸರಿಯನ್ನು ನಂಬಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಅಂದಾಜು ಮಾತ್ರ.

ಲೀಟರಿಗೆ ಎಷ್ಟು ಕಿ.ಮೀ. ಎಂಬ ಲೆಕ್ಕ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಖಾಲಿ ಗಾಡಿ 12ರಿಂದ 10ಕ್ಕೆ ಇಳಿದರೆ ಗಾಬರಿಯಾಗುತ್ತೇವೆ, ಟ್ರೇಲರ್ ಸಮೇತ 6ರಿಂದ 5ಕ್ಕೆ ಇಳಿದರೆ ಒಂದೇ ತಾನೇ ಎಂದು ಸುಮ್ಮನಾಗುತ್ತೇವೆ. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ನೋಡಿದರೆ ಮೊದಲನೆಯದು 1.7 ಲೀಟರ್ ಹೆಚ್ಚಳ, ಎರಡನೆಯದು 3.3 ಲೀಟರ್. ದೋಷ ಹುಡುಕುವಾಗ 100 ಕಿ.ಮೀ.ಗೆ ಎಷ್ಟು ಲೀಟರ್ ಎಂಬ ಈ ಲೆಕ್ಕವನ್ನೇ ಇಟ್ಟುಕೊಳ್ಳಿ.

ಇತ್ತೀಚೆಗೆ ದೊಡ್ಡ ಟೈರ್ ಹಾಕಿಸಿದ್ದೀರಾ? ಟೈರಿನ ವ್ಯಾಸ ಶೇ. 5 ಹೆಚ್ಚಾದರೆ, ಗಾಡಿ 100 ಕಿ.ಮೀ. ಓಡಿದಾಗ ಓಡೋಮೀಟರ್ ಸುಮಾರು 95 ಎನ್ನುತ್ತದೆ. ಓಡಿದ ದೂರವೇ ಕಡಿಮೆ ಎಣಿಕೆಯಾದ ಮೇಲೆ ಮೈಲೇಜ್ ಕಡಿಮೆ ಕಾಣದೆ ಇನ್ನೇನು? ಪೆಟ್ರೋಲಿನ ಬಗೆ ಬದಲಾಗಿದ್ದರೂ ಗಮನಿಸಿ: ಶೇ. 10 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 3ರಷ್ಟು ಶಕ್ತಿ ಕಡಿಮೆ.

ಲೆಕ್ಕ ನಿಜವಾಗಿಯೂ ಕೆಟ್ಟಿದ್ದರೆ ಟ್ರೇಲರ್ ಬಿಚ್ಚಿಟ್ಟು, ಪಿಕಪ್ಪನ್ನು ಒಂಟಿಯಾಗಿ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಒಂದು ಟ್ಯಾಂಕ್ ಓಡಿಸಿ. ಒಂಟಿ ಮೈಲೇಜ್ ಮೊದಲಿನಂತೆಯೇ ಇದ್ದರೆ ಸಂಶಯದ ಬೆರಳು ಟ್ರೇಲರಿನ ಕಡೆ, ಹೊರೆಯ ಕಡೆ, ಅಥವಾ ನಿಮ್ಮ ಬಲಗಾಲಿನ ಕಡೆ ತಿರುಗಬೇಕು. ಒಂಟಿಯಾಗಿಯೂ ಕೆಟ್ಟಿದ್ದರೆ ನಡುವಿನದನ್ನೆಲ್ಲ ಬಿಟ್ಟು ಕೊನೆಯ ಭಾಗಕ್ಕೆ ಹೋಗಿ.

ನಿಧಾನ ಹೋದರೆ ಸರಿ, ವೇಗ ಏರಿದರೆ ಟ್ಯಾಂಕ್ ಬರಿದಾಗುತ್ತದೆ

ಇದು ಗಾಳಿಯ ಕೆಲಸ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ, ತಡೆ ಏರಿದ್ದು ಅರ್ಧಕ್ಕಿಂತ ಹೆಚ್ಚು. ಅದನ್ನು ಸೀಳಿಕೊಂಡು ಹೋಗಲು ಎಂಜಿನ್ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಎದುರುಗಾಳಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. 90ರಲ್ಲಿ ಹೋಗುತ್ತಿರುವಾಗ 20ರ ವೇಗದ ಗಾಳಿ ಎದುರಿಂದ ಬೀಸಿದರೆ ಟ್ರೇಲರಿನ ಮುಖಕ್ಕೆ ಬಡಿಯುವುದು 110ರ ಗಾಳಿ. ಹೋಗುವಾಗ ಒಂದು ಮೈಲೇಜ್, ಬರುವಾಗ ಇನ್ನೊಂದು ಎಂದು ತಲೆ ಕೆರೆದುಕೊಳ್ಳುವವರು ಮೊದಲು ದಾರಿಬದಿಯ ಮರಗಳ ತುದಿ ಯಾವ ಕಡೆ ಬಾಗಿದೆ ಎಂದು ನೋಡಬೇಕು.

ತೂಕದ ಬಗ್ಗೆ ನಮಗಿರುವ ಭಯ ಅತಿಯಾದದ್ದು. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ 2,000 ಕೆ.ಜಿ.ಯ ಟ್ರೇಲರನ್ನು ಸುಮ್ಮನೆ ಉರುಳಿಸಿಕೊಂಡು ಹೋಗಲು ಬೇಕಾದ ಎಳೆತ ಅದರ ತೂಕದ ಸುಮಾರು ನೂರರಲ್ಲೊಂದು ಭಾಗ, ಅಂದರೆ 20 ಕೆ.ಜಿ.ಯಷ್ಟು. ತೂಕ ತನ್ನ ಬೆಲೆ ಕೇಳುವುದು ಏರಿನಲ್ಲಿ: ಶೇ. 5ರ ಏರು ಬಂದರೆ ಮೇಲಿನ 20ರ ಜೊತೆಗೆ ಇನ್ನೂ 100 ಕೆ.ಜಿ.ಯ ಎಳೆತ ಬೇಕು. ನಿಂತು ನಿಂತು ಹೊರಡುವ ಊರೊಳಗಿನ ಓಡಾಟದಲ್ಲೂ ತೂಕ ಕಾಡುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಕಬ್ಬಿಣ ತುಂಬಿದ ತಗ್ಗಿನ ಟ್ರೇಲರಿಗಿಂತ, ಖಾಲಿಯಾದರೂ ಎತ್ತರದ ಪೆಟ್ಟಿಗೆ ಟ್ರೇಲರ್ ಹೆಚ್ಚು ಇಂಧನ ಬೇಡುವುದು ವಿಚಿತ್ರವಲ್ಲ.

ಪರೀಕ್ಷೆ ಸುಲಭ. ಒಂದು ಟ್ಯಾಂಕ್ ಪೂರ್ತಿ 80 ದಾಟದೆ ಓಡಿಸಿ. ಮೈಲೇಜ್ ಮರಳಿ ಬಂದರೆ ರಿಪೇರಿ ಮುಗಿಯಿತು. ಟಾರ್ಪಾಲಿನ್ ಪಟಪಟ ಬಡಿಯದಂತೆ ಬಿಗಿಯುವುದು, ಎತ್ತರದ ಸಾಮಾನನ್ನು ಮಲಗಿಸಿ ಕಟ್ಟುವುದು, ಬಳಸದ ಛಾವಣಿ ಕ್ಯಾರಿಯರ್ ತೆಗೆದಿಡುವುದು, ಇವಕ್ಕೆಲ್ಲ ಫಲ ಇದೆ. ಪಿಕಪ್ಪಿನ ಹಿಂಬಾಗಿಲು ತೆರೆದಿಟ್ಟರೆ ಗಾಳಿ ಹಾಯಾಗಿ ಹೋಗುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಹಿಂಬಾಗಿಲು ಮುಚ್ಚಿದ್ದರೆ ಸಾಮಾನು ಹಾಕುವ ತೊಟ್ಟಿಯೊಳಗೆ ಗಾಳಿ ಸುಳಿಯಾಗಿ ನಿಂತು, ಮುಂದಿನಿಂದ ಬರುವ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ.

ಅಕ್ಸೆಲರೇಟರ್ ಬಿಟ್ಟ ಕೂಡಲೇ ಯಾರೋ ಹಿಂದಿನಿಂದ ಜಗ್ಗಿದಂತಾಗುತ್ತದೆ

ಈ ಲಕ್ಷಣ ಕಂಡರೆ ಟ್ರೇಲರಿನಲ್ಲಿ ಏನೋ ಹಿಡಿದುಕೊಂಡಿದೆ ಎಂದು ಮುಕ್ಕಾಲು ಭಾಗ ನಂಬಬಹುದು. ಕ್ರಮವಾಗಿ ನೋಡುತ್ತ ಹೋಗಿ.

ಮೊದಲು ಹ್ಯಾಂಡ್‌ಬ್ರೇಕ್ ಸನ್ನೆ ಪೂರ್ತಿ ಬಿಟ್ಟಿದೆಯೇ ಎಂದು ನೋಡಿ. ಸನ್ನೆ ಬಿಟ್ಟಿದ್ದರೂ ಕೇಬಲ್ ಬಿಟ್ಟಿರಬೇಕೆಂದಿಲ್ಲ. ಅದನ್ನು ಕೈಯಲ್ಲಿ ಅಲುಗಿಸಿ, ಸಡಿಲವಾಗಿರಬೇಕು. ನಂತರ ಬ್ರೇಕ್‌ಅವೇ ಸ್ವಿಚ್. ಟ್ರೇಲರ್ ಕಳಚಿಕೊಂಡು ಹೋದರೆ ತಾನಾಗಿ ಬ್ರೇಕ್ ಹಾಕಲೆಂದು ಇಟ್ಟಿರುವ ಈ ಸ್ವಿಚ್ಚಿನ ಪಿನ್ನು ಅರ್ಧ ಹೊರಬಂದಿದ್ದರೆ, ಟ್ರೇಲರಿನ ಬ್ಯಾಟರಿ ಬರಿದಾಗುವವರೆಗೂ ವಿದ್ಯುತ್ ಬ್ರೇಕು ಹಿಡಿದೇ ಇರುತ್ತದೆ. ಪಿನ್ನನ್ನು ಒತ್ತಿ ಕೂರಿಸುವುದಕ್ಕೆ ಬೇಕಾದದ್ದು ಎರಡು ಕ್ಷಣ.

ಆಮೇಲೆ ಗಾಳಿ ಒತ್ತಡ. ಚಕ್ರ ತಣ್ಣಗಿರುವಾಗ, ಹೊರಡುವ ಮೊದಲೇ ಅಳೆಯಿರಿ. ಟ್ರೇಲರಿಗೆಂದೇ ಮಾಡಿದ ಟೈರುಗಳಿಗೆ ಸಾಮಾನ್ಯವಾಗಿ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಗರಿಷ್ಠ ತಣ್ಣನೆಯ ಒತ್ತಡವನ್ನೇ ಹಾಕುತ್ತಾರೆ. ಟ್ರೇಲರಿನ ಫಲಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನು ಪಾಲಿಸಿ. ಪಿಕಪ್ಪಿನ ಹಿಂದಿನ ಟೈರುಗಳಿಗೆ ಬಾಗಿಲ ಬದಿಯ ಫಲಕದಲ್ಲಿ ಹೊರೆ ಇದ್ದಾಗಿನ ಅಂಕಿ ಬೇರೆ ಇದ್ದರೆ ಅದು. ಗಾಳಿ ಕಡಿಮೆಯಾದ ಟೈರು ಇಂಧನ ತಿನ್ನುವುದಷ್ಟೇ ಅಲ್ಲ, ಒಳಗೇ ಬೆಂದು ಸಿಡಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತೊಂದನ್ನೂ ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಆದ ಟೈರು. ಟ್ರೇಲರ್ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ಏಕೆಂದರೆ ಹೆಚ್ಚು ಕಾಲ ಬಿಸಿಲಲ್ಲಿ ನಿಂತೇ ಇರುತ್ತದೆ. ಪಕ್ಕದಲ್ಲಿ ಬಿರುಕು ಕಂಡರೆ ಒತ್ತಡ ಸರಿಯಿದ್ದರೂ ಬದಲಿಸಿ.

ಇಷ್ಟೂ ಸರಿಯಿದ್ದರೆ ಬಿಸಿಯ ಪರೀಕ್ಷೆ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಅರ್ಧ ಗಂಟೆ ಓಡಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ಹಬ್ಬಿನ (ಬೇರಿಂಗ್ ಕೂತಿರುವ ನಡುಭಾಗದ) ಬಳಿ ಅಂಗೈ ಹಿಂಭಾಗವನ್ನು ಹಿಡಿದು ನೋಡಿ. ಮುಟ್ಟಬೇಡಿ, ಕೆಟ್ಟ ಹಬ್ಬು ಚರ್ಮ ಸುಡುವಷ್ಟು ಕಾದಿರುತ್ತದೆ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹಬ್ಬು ಬೆಚ್ಚಗಿರುವುದು ಸಹಜ. ನೋಡಬೇಕಾದದ್ದು ವ್ಯತ್ಯಾಸವನ್ನು: ಮೂರು ಚಕ್ರ ಒಂದೇ ಸಮ ಬೆಚ್ಚಗಿದ್ದು ನಾಲ್ಕನೆಯದು ಕುದಿಯುತ್ತಿದ್ದರೆ ಅಲ್ಲೇ ಬ್ರೇಕು ಅಥವಾ ಬೇರಿಂಗು ಹಿಡಿದಿದೆ. ಎಲ್ಲ ಚಕ್ರವೂ ಸಮನಾಗಿ ಅತಿಬಿಸಿಯಾಗಿದ್ದರೆ ದೋಷ ಚಕ್ರದಲ್ಲಿಲ್ಲ, ಅವೆಲ್ಲಕ್ಕೂ ಆಜ್ಞೆ ಕೊಡುವ ಕಡೆ ಇದೆ: ಬ್ರೇಕ್ ನಿಯಂತ್ರಕ, ವೈರಿಂಗ್, ಅಥವಾ ಟ್ರೇಲರಿನ ತಳ್ಳಿಕೆಯಿಂದಲೇ ಕೆಲಸ ಮಾಡುವ ಬ್ರೇಕಾದರೆ ಹಿಚ್ಚಿನ (ಟ್ರೇಲರನ್ನು ಪಿಕಪ್ಪಿಗೆ ಸೇರಿಸುವ ಜೋಡಣೆಯ) ಬಳಿಯ ಜಾರುದಂಡ ಒಳಸೇರಿ ಹೊರಬಾರದೆ ಸಿಕ್ಕಿಕೊಂಡಿರುವುದು.

ವಿದ್ಯುತ್ ಬ್ರೇಕಿನ ಟ್ರೇಲರಿಗೆ ಇನ್ನೊಂದು ಪರೀಕ್ಷೆ ಇದೆ. ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ, ಮೊದಲು ತಂತಿಯ ಪ್ಲಗ್ ಹಾಕಿ, ಆಮೇಲೆ ಕಳಚಿ ಎಳೆದು ನೋಡಿ. ಪ್ಲಗ್ ಕಳಚಿದಾಗ ಜಗ್ಗುವಿಕೆ ಮಾಯವಾದರೆ ದೋಷ ವೈರಿಂಗಿನದು ಅಥವಾ ನಿಯಂತ್ರಕದ್ದು. ಆಗಲೂ ಜಗ್ಗಿದರೆ ಡ್ರಮ್ಮಿನೊಳಗಿನ ಹೊಂದಾಣಿಕೆ ಬಿಗಿಯಾಗಿದೆ, ಅಥವಾ ಏನೋ ಸಿಕ್ಕಿಕೊಂಡಿದೆ. ಪ್ಲಗ್ ಇಲ್ಲದೆ ರಸ್ತೆಗೆ ಮಾತ್ರ ಹೋಗಬೇಡಿ. ಬ್ರೇಕೂ ಇರುವುದಿಲ್ಲ, ದೀಪವೂ ಇರುವುದಿಲ್ಲ.

ಮುಂದಿನದು ಜಾಕ್ ಹಾಕುವ ಕೆಲಸ. ನೆಲ ಗಟ್ಟಿಯಾಗಿ, ಸಮತಟ್ಟಾಗಿರಲಿ. ಟ್ರೇಲರ್ ಪಿಕಪ್ಪಿಗೆ ಕಟ್ಟಿಕೊಂಡೇ ಇರಲಿ, ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಅಡೆ ಇಡಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಬರಿ ಜಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಕೈಯನ್ನೂ ಹಾಕಬೇಡಿ. ಚಕ್ರವನ್ನು ಕೈಯಿಂದ ತಿರುಗಿಸಿ: ತಾನಾಗಿ ಕೆಲವು ಸುತ್ತು ಸುತ್ತಬೇಕು, ಅಲ್ಲಲ್ಲಿ ಸಣ್ಣಗೆ ಉಜ್ಜಿದ ಸದ್ದು ಬಂದರೆ ಚಿಂತೆಯಿಲ್ಲ. ಗರಗರ ಎಂದರೆ ಬೇರಿಂಗ್. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿದಾಗ ಟಕಟಕ ಆಡಿದರೂ ಬೇರಿಂಗ್. ಗ್ರೀಸ್ ಬದಲಿಸಿ ವರ್ಷವಾಗಿದ್ದರೆ ಸದ್ದಿಲ್ಲದಿದ್ದರೂ ಬಿಚ್ಚಿ ನೋಡುವುದು ಒಳ್ಳೆಯದು. ದೋಣಿಯ ಟ್ರೇಲರಿನ ಹಬ್ಬಿಗೆ ನೀರು ಸೇರಿದರೆ ವರ್ಷವೂ ಕಾಯುವುದಿಲ್ಲ.

ಇಲ್ಲಿ ನಿಲ್ಲಿ: ಚಕ್ರದಿಂದ ಹೊಗೆ, ಸುಟ್ಟ ವಾಸನೆ, ರಿಮ್ಮಿನ ಒಳಬದಿಗೆ ಸಿಡಿದ ಗ್ರೀಸ್, ಇವುಗಳಲ್ಲಿ ಒಂದು ಕಂಡರೂ ಮುಂದೆ ಒಂದು ಕಿ.ಮೀ. ಕೂಡ ಹೋಗಬೇಡಿ. ಮುಂದಿನ ಹಂತ ಚಕ್ರ ಕಳಚಿ ಎದುರಿನ ಗಾಡಿಯ ಕಡೆ ಉರುಳುವುದು. ಕಾದ ಹಬ್ಬಿಗೆ ನೀರು ಸುರಿಯಬೇಡಿ, ಲೋಹ ಬಿರಿಯಬಹುದು. ತಾನಾಗಿ ತಣಿಯಲಿ, ಟ್ರೇಲರನ್ನು ಹೊತ್ತುಕೊಂಡು ಹೋಗುವ ವ್ಯವಸ್ಥೆ ಮಾಡಿ.

ಟ್ರೇಲರಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆ

ಚಕ್ರಗಳು ಓರೆಯಾಗಿವೆ, ಉರುಳುವ ಬದಲು ಒಂದಿಷ್ಟು ಉಜ್ಜಿಕೊಂಡು ಬರುತ್ತಿವೆ. ಹಿಚ್ಚಿನ ನಡುಬಿಂದುವಿನಿಂದ ಅಚ್ಚಿನ (ಆಕ್ಸಲ್) ಎಡತುದಿಗೂ ಬಲತುದಿಗೂ ಟೇಪು ಹಿಡಿದು ಅಳೆಯಿರಿ. ಎರಡು ಅಳತೆಯೂ ಒಂದೇ ಬರಬೇಕು. ಕೆಲವು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಚ್ಚು ಜಾರಿದೆ ಅಥವಾ ಪಟ್ಟೆಸ್ಪ್ರಿಂಗಿನ ಬೋಲ್ಟ್ ಸಡಿಲಾಗಿದೆ. ಅಚ್ಚೇ ಬಾಗಿದ್ದರೆ ಅದು ವರ್ಕ್‌ಶಾಪಿನ ಕೆಲಸ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು.

ಪಿಕಪ್ಪಿನ ಮೂತಿ ಎತ್ತಿದೆ, ಅಥವಾ ಟ್ರೇಲರ್ ಬಾಲ ಬೀಸುತ್ತಿದೆ

ಇದು ಮೈಲೇಜಿಗಿಂತ ಜೀವದ ಪ್ರಶ್ನೆ, ಆದರೂ ಎರಡಕ್ಕೂ ಮೂಲ ಒಂದೇ: ಹೊರೆ ಕೂತ ರೀತಿ. ಹಿಂಬದಿಗೆ ಕಟ್ಟುವ ಸಾಮಾನ್ಯ ಟ್ರೇಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹಿಚ್ಚಿನ ಮೇಲೆ ಕೂರಬೇಕೆಂಬುದು ದೊಡ್ಡ ಪಿಕಪ್ಪುಗಳಿಗೆ ಬಳಕೆಯಲ್ಲಿರುವ ಅಳತೆ. 2,000 ಕೆ.ಜಿ.ಗೆ 200ರಿಂದ 300 ಕೆ.ಜಿ. ಆದರೆ ಪಿಕಪ್, ಹಿಚ್, ಕೊಂಡಿ, ಈ ಮೂರರ ಫಲಕಗಳಲ್ಲಿ ಯಾವುದು ಕಡಿಮೆ ಮಿತಿ ಹೇಳುತ್ತದೋ ಅದನ್ನು ಮೀರುವಂತಿಲ್ಲ. ಮಿತಿಗೆ ಹೊಂದದಿದ್ದರೆ ಹೊರೆಯನ್ನೇ ಇಳಿಸಿ.

ಹಿಚ್ಚಿನ ಭಾರ ಕಡಿಮೆಯಾದರೆ ಟ್ರೇಲರ್ ಅಕ್ಕಪಕ್ಕ ಓಲಾಡುತ್ತದೆ. ಹೆಚ್ಚಾದರೆ ಪಿಕಪ್ ಹಿಂದೆ ಕುಸಿದು ಮುಂಚಕ್ರ ಹಗುರಾಗುತ್ತದೆ, ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ, ಹಿಂದಿನ ಟೈರು ಚಪ್ಪಟೆಯಾಗಿ ಉರುಳುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡಿ: ಪಿಕಪ್ಪೂ ಟ್ರೇಲರೂ ಒಂದೇ ಗೆರೆಯಲ್ಲಿ ಮಟ್ಟವಾಗಿ ಕಾಣಬೇಕು. ಭಾರದ ಸಾಮಾನನ್ನು ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಸರಿಸಿ, ಕೆಳಗಿಡಿ. ಅನುಮಾನವಿದ್ದರೆ ವೇಬ್ರಿಡ್ಜಿಗೆ ಹೋಗಿ ತೂಗಿಸಿ. ಎಷ್ಟೋ ಸಲ ಇಂಧನದ ರಹಸ್ಯ ಅಲ್ಲೇ ಬಯಲಾಗುತ್ತದೆ: 1,500 ಕೆ.ಜಿ. ಎಂದು ನಂಬಿಕೊಂಡದ್ದು 2,200 ಇರುತ್ತದೆ.

ಓಡುವಾಗಲೇ ಟ್ರೇಲರ್ ಬಾಲ ಬೀಸಲು ಶುರುಮಾಡಿದರೆ ಕಾಲನ್ನು ಅಕ್ಸೆಲರೇಟರಿನಿಂದ ತೆಗೆಯಿರಿ, ಸ್ಟೀರಿಂಗನ್ನು ನೇರ ಹಿಡಿಯಿರಿ, ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ, ಪಿಕಪ್ಪಿನ ಬ್ರೇಕ್ ತುಳಿಯಬೇಡಿ. ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಸನ್ನೆ ಇದ್ದರೆ ಅದನ್ನು ಮೆಲ್ಲಗೆ ಒತ್ತಿ. ನಿಂತ ಮೇಲೆ ಹೊರೆ ಮರುಜೋಡಿಸದೆ ಹೊರಡಬೇಡಿ.

ಗೇರ್ ಮೇಲಿಂದ ಮೇಲೆ ಬದಲಾಗುತ್ತದೆ

ಸ್ವಯಂಚಾಲಿತ ಗೇರಿನ ಗಾಡಿ ಸಣ್ಣ ಏರಿಗೂ ಒಂದು ಗೇರ್ ಇಳಿದು, ಮರುಕ್ಷಣ ಮೇಲೇರಿ, ಮತ್ತೆ ಇಳಿಯುತ್ತಿದ್ದರೆ ಇಂಧನವೂ ಹೋಗುತ್ತದೆ, ಗೇರ್‌ಬಾಕ್ಸ್ ಎಣ್ಣೆಯೂ ಕಾಯುತ್ತದೆ. ಟ್ರೇಲರ್ ಎಳೆಯುವ ವಿಧಾನದ ಗುಂಡಿ ಇದ್ದರೆ ಒತ್ತಿ. ಇಲ್ಲದಿದ್ದರೆ ಮೇಲಿನ ಗೇರನ್ನು ನೀವೇ ತಡೆಹಿಡಿಯಿರಿ. ಆರ್‌ಪಿಎಂ ತುಸು ಹೆಚ್ಚಿದ್ದರೂ ಒಂದೇ ಗೇರಿನಲ್ಲಿ ಸ್ಥಿರವಾಗಿ ಓಡುವ ಎಂಜಿನ್ ಕಡಿಮೆ ಕುಡಿಯುವುದುಂಟು. ಏರಿಳಿತದ ರಸ್ತೆಯಲ್ಲಿ, ವೇಗವನ್ನು ತಾನಾಗಿ ಒಂದೇ ಸಮ ಹಿಡಿಯುವ ಕ್ರೂಸ್ ಕಂಟ್ರೋಲ್ ಬಿಟ್ಟುಬಿಡಿ. ಏರು ಬಂದಾಗ ವೇಗ ಒಂದಿಷ್ಟು ಇಳಿಯಲಿ ಎಂಬ ಔದಾರ್ಯ ಅದಕ್ಕಿಲ್ಲ.

ದೊಡ್ಡ ಟೈರಿನ ಮೋಹ ಇಲ್ಲೂ ಬೆಲೆ ಕೇಳುತ್ತದೆ. ಹಿಂಬದಿ ಅಚ್ಚಿನ ಅನುಪಾತ (ಚಕ್ರ ಒಂದು ಸುತ್ತು ಹೋಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಸುತ್ತಬೇಕಾದ ಸುತ್ತುಗಳು) 3.73 ಇರುವ ಗಾಡಿಗೆ 32 ಇಂಚಿನ ಬದಲು 35 ಇಂಚಿನ ಟೈರು ಹಾಕಿದರೆ, ಅದು 3.41ರ ಅಚ್ಚಿನಂತೆ ವರ್ತಿಸುತ್ತದೆ, ಅಂದರೆ ಎಳೆಯುವ ಬಲ ಕುಗ್ಗುತ್ತದೆ. ಒಂಟಿ ಓಡಾಟದಲ್ಲಿ ಗೊತ್ತಾಗದ ಈ ಕೊರತೆ ಟ್ರೇಲರ್ ಕಟ್ಟಿದ ದಿನ ಗೇರಿನ ಚಡಪಡಿಕೆಯಾಗಿ ಕಾಣುತ್ತದೆ.

ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ವಿಷಯ ಬೇರೆ. ಕೈಗೇರಿನ ಗಾಡಿಯಲ್ಲಿ ಕ್ಲಚ್ ಜಾರುತ್ತಿದೆ, ಸ್ವಯಂಚಾಲಿತದಲ್ಲಿ ಒಳಗಿನ ಪ್ಲೇಟುಗಳು ಜಾರುತ್ತಿವೆ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸುವ ಮಾಪಕವಿದ್ದರೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ನೆಮ್ಮದಿಯ ಮಟ್ಟ. 120ರತ್ತ ಏರುತ್ತಿದ್ದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್ ಅಥವಾ ಪಾರ್ಕಿನಲ್ಲಿ ಎಂಜಿನ್ ಓಡುತ್ತಿರಲಿ, ಎಣ್ಣೆ ತಣಿಯಲಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಟ್ರೇಲರ್ ಅಲ್ಲೇ ಬಿಚ್ಚಿ, ಗಾಡಿಯನ್ನು ತಜ್ಞರಿಗೆ ಒಪ್ಪಿಸಿ.

ಟ್ರೇಲರ್ ಇಲ್ಲದೆಯೂ ಮೈಲೇಜ್ ಕೆಟ್ಟಿದೆ, ಅಥವಾ ಹೊಗೆ ಬರುತ್ತಿದೆ

ಈಗ ಬಾನೆಟ್ ಎತ್ತಬಹುದು. ಅದಕ್ಕೂ ಮೊದಲು, ನಾಲ್ಕು ಚಕ್ರ ಚಾಲನೆ ಒತ್ತಿಕೊಂಡೇ ಉಳಿದಿದೆಯೇ ಎಂದು ನೋಡಿ, ನಗಬೇಡಿ, ಆಗುತ್ತದೆ. ಹಬ್ಬಿನ ಬಿಸಿ ಪರೀಕ್ಷೆಯನ್ನು ಪಿಕಪ್ಪಿನ ಚಕ್ರಗಳಿಗೂ ಮಾಡಿ.

ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಇಂದಿನ ಪೆಟ್ರೋಲ್ ಎಂಜಿನ್ನಿನಲ್ಲಿ ಕಂಪ್ಯೂಟರು ಗಾಳಿಗೆ ತಕ್ಕಷ್ಟೇ ಇಂಧನ ಕೊಡುತ್ತದೆ, ಆದ್ದರಿಂದ ಕಟ್ಟಿದ ಫಿಲ್ಟರಿನಿಂದ ಮುಖ್ಯವಾಗಿ ಕಡಿಮೆಯಾಗುವುದು ಬಲ. ಟರ್ಬೊ ಡೀಸೆಲ್ ಏರಿನಲ್ಲಿ ಕಪ್ಪು ಹೊಗೆ ಬಿಟ್ಟು, ಬಲ ಕಳೆದುಕೊಂಡು, ಜೊತೆಗೆ ಸುಸ್ಸೆಂಬ ಸದ್ದು ಮಾಡಿದರೆ ಟರ್ಬೊದಿಂದ, ಅದು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಕೊಳವೆಗಳ ಕ್ಲಿಪ್ಪುಗಳನ್ನು ನೋಡಿ. ಎಂಜಿನ್ ತಣ್ಣಗಿರುವಾಗ ಕೊಳವೆಯ ಸುತ್ತ ಬೆರಳಾಡಿಸಿದರೆ ಎಣ್ಣೆ ಜಿನುಗಿದ ಜಾಗವೇ ಸೋರಿಕೆಯ ಜಾಗ. ಈ ದೋಷ ಒಂಟಿ ಓಡಾಟದಲ್ಲಿ ಅಡಗಿ ಕೂರಬಲ್ಲದು. ಹೊರೆ ಬಿದ್ದಾಗಲೇ ಟರ್ಬೊ ಪೂರ್ಣ ಒತ್ತಡ ಕಟ್ಟುವುದು.

ಬಿಸಿಯ ಮುಳ್ಳು ಅರ್ಧ ಗಂಟೆ ಓಡಿದರೂ ಮಧ್ಯಕ್ಕೆ ಬಾರದಿದ್ದರೆ, ಎಂಜಿನ್ನಿನ ಬಿಸಿಯನ್ನು ಹಿಡಿತದಲ್ಲಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ತಣ್ಣನೆಯ ಎಂಜಿನ್ ಹೆಚ್ಚು ಇಂಧನ ಬೇಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0128 ಎಂಬ ಸಂಕೇತ ಸಿಗಬಹುದು. ಮುಳ್ಳು ಕೆಂಪಿಗೆ ಹೋದರೆ ನಿಲ್ಲಿಸಿ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪ್ರೀಮಿಯಂ ಪೆಟ್ರೋಲ್ ಕೇಳುವ ಟರ್ಬೊ ಎಂಜಿನ್ನಿಗೆ ಸಾದಾ ಪೆಟ್ರೋಲ್ ಹಾಕಿ ಹೊರೆ ಎಳೆಸಿದರೆ, ಬಡಿತ (ಇಂಧನ ತಾನಾಗಿ ಹೊತ್ತಿಕೊಂಡು ಸಿಲಿಂಡರಿನಲ್ಲಿ ಕೊಡುವ ಏಟು) ತಪ್ಪಿಸಲು ಅದು ಕಿಡಿಯ ಸಮಯವನ್ನು ಹಿಂದೂಡುತ್ತದೆ, ಬಲವೂ ಮೈಲೇಜೂ ಇಳಿಯುತ್ತವೆ.

ಎಂಜಿನ್ ದೀಪ ಸ್ಥಿರವಾಗಿ ಉರಿದರೆ ಮೆಲ್ಲಗೆ ಓಡಿಸಿಕೊಂಡು ಹೋಗಿ ಸಂಕೇತ ಓದಿಸಬಹುದು. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಉರಿಯದೆ ಹೊರಹೋಗುತ್ತಿದೆ, ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ; ನಿಲ್ಲಿಸಿ. ಇಂಜೆಕ್ಟರ್, ಅಧಿಕ ಒತ್ತಡದ ಪಂಪು, ಟರ್ಬೊದ ಒಳಭಾಗ, ಇವನ್ನು ಮನೆಯಲ್ಲಿ ಬಿಚ್ಚಬೇಡಿ. ಡೀಸೆಲ್ ಇಂಜೆಕ್ಟರಿನ ಸೂಕ್ಷ್ಮ ಚಿಲುಮೆ ಚರ್ಮ ತೂರಿ ಒಳಹೋಗಬಲ್ಲದು. ಹಾಗಾದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ವರ್ಕ್‌ಶಾಪಿಗೆ ಹೋಗುವಾಗ ಮೂರು ಸಲದ ಇಂಧನದ ಲೆಕ್ಕ, ಒಂಟಿ ಓಟದ ಲೆಕ್ಕ, ವೇಬ್ರಿಡ್ಜ್ ಚೀಟಿ, ಯಾವ ಹಬ್ಬು ಎಷ್ಟು ಬಿಸಿ ಎಂಬ ಟಿಪ್ಪಣಿ ಕೈಯಲ್ಲಿರಲಿ. ಚಕ್ರ, ಬ್ರೇಕುಗಳಲ್ಲಿ ಅಪಾಯದ ಗುರುತಿಲ್ಲದಿದ್ದರೆ ಟ್ರೇಲರನ್ನೂ ಕಟ್ಟಿಕೊಂಡೇ ಹೋಗಿ. ಮನೆಯಲ್ಲಿ ಬಿಟ್ಟು ಹೋದರೆ ಮೆಕ್ಯಾನಿಕ್ ಕೂಡ ಬಾನೆಟ್ಟಿನಿಂದಲೇ ಶುರುಮಾಡುತ್ತಾನೆ.